ಬಂದ ದಿನ, ಹೋದ ದಿನ

ರದೋಯ್ಕೊನ ಪಾಸ್‌ಪೋರ್ಟಿಗೆ ಈರುಳ್ಳಿ ವಾಸನೆ ಹತ್ತಿತ್ತು. ವಿದೊಸಾವಾ ಅದನ್ನು ಎರಡು ಬೆರಳುಗಳ ತುದಿಯಲ್ಲಿ ಹಿಡಿದು ಹಾಳೆಗಳನ್ನು ಉಗುರಿನಿಂದ ಮಗುಚಿದಳು. ಬಸ್ಸು ವಿಯೆನ್ನಾ ಬಿಟ್ಟು ಒಂದೂವರೆ ಗಂಟೆಯಾಗಿತ್ತು. ಆಸ್ಟ್ರಿಯಾ ಮುಗಿದು ಹಂಗೇರಿ ಶುರುವಾದದ್ದನ್ನು ಪೆಟ್ರೋಲ್ ಬಂಕಿನ ಬೋರ್ಡಿನ ಭಾಷೆ ನೋಡಿಯೇ ತಿಳಿಯಬೇಕು; ಅಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಠಸ್ಸೆ ಒತ್ತುವವರಿಲ್ಲ. ಠಸ್ಸೆ ಇರುವುದು ಹಂಗೇರಿಯ ಆಚೆ ತುದಿಯಲ್ಲಿ, ಸರ್ಬಿಯಾ ಶುರುವಾಗುವಲ್ಲಿ. ಆ ತುದಿ ಬರುವ ಮೊದಲು ಬಸ್ಸಿನ ಅರ್ಧ ಜನ ತಮ್ಮ ಪಾಸ್‌ಪೋರ್ಟುಗಳನ್ನು ಅವಳ ಮಡಿಲಿಗೆ ಹಾಕುವುದು ಈ ದಾರಿಯ ರೂಢಿ. ಸರ್ಬಿಯಾದವರು ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನ ಮಾತ್ರ ಪ್ರವಾಸಿಗಳಾಗಿ ಈ ಒಕ್ಕೂಟದ ದೇಶಗಳ ಒಳಗಿರಬಹುದು, ಒಂದು ದಿನ ಹೆಚ್ಚಾದರೂ ದಂಡ, ಮೇಲೆ ವರ್ಷಗಟ್ಟಲೆ ಬಾಗಿಲು ಬಂದ್. ಇಷ್ಟೇ ಕಾನೂನು. ಇಷ್ಟನ್ನು ನೆನಪಿಟ್ಟುಕೊಂಡು ಎರಡು ಠಸ್ಸೆಗಳ ನಡುವಿನ ದಿನ ಎಣಿಸಲು ಈ ಜನರಿಗೆ ಬರುವುದಿಲ್ಲ. ಸ್ನಾನದ ಮನೆಗೆ ಟೈಲ್ಸ್ ಹಾಕಲು ಬರುತ್ತದೆ, ಮುದುಕರ ಅಂಡು ತೊಳೆಯಲು ಬರುತ್ತದೆ, ಲೆಕ್ಕ ಬರುವುದಿಲ್ಲ.

"ಎಷ್ಟಾಯ್ತು ಟೀಚರಮ್ಮ?" ಎಂದ ರದೋಯ್ಕೊ, ಪಕ್ಕದ ಸೀಟಿನಿಂದ. ಐವತ್ತು ದಾಟಿದ ಆಳು. ಕೈಬೆರಳುಗಳ ಸಂದಿಯಲ್ಲಿ ಸಿಮೆಂಟು ಬೆಳ್ಳಗೆ ಕೂತುಬಿಟ್ಟಿತ್ತು.

"ಎರಡು ವಾರದ ಹಿಂದೆಯೇ ಹೇಳಿದ್ದೆನಲ್ಲ. ಮಾರ್ಚ್ ಹದಿಮೂರಕ್ಕೆ ಬಂದೆ, ಇವತ್ತು ಜೂನ್ ಹನ್ನೊಂದು. ತೊಂಬತ್ತು. ಸರಿಯಾಗಿ ತೊಂಬತ್ತು."

"ಹೇಳಿದ್ರಿ ಹೇಳಿದ್ರಿ. ಅದಕ್ಕೇ ಅಲ್ವಾ ಆ ಬಾತ್‌ರೂಮು ಮುಗಿಸ್ಕೊಂಡೇ ಹೊರಟಿದ್ದು. ಆದ್ರೂ ಇನ್ನೊಂದ್ಸಲ ಕಿವಿಗೆ ಬಿದ್ರೆ ಹೊಟ್ಟೆ ತಣ್ಣಗಿರುತ್ತೆ."

"ಹೊಟ್ಟೆ ತಣ್ಣಗಿರೋದಕ್ಕೆ ಬುರೆಕ್ ತಿನ್ನು. ಲೆಕ್ಕ ಒಂದು ಸಲ ಸರಿಯಾದರೆ ಹತ್ತು ಸಲವೂ ಸರಿಯೇ."

ಅವನು ನಕ್ಕು, ಎಣ್ಣೆ ಕಾಗದ ಬಿಚ್ಚಿ, ಮಾಂಸ, ಈರುಳ್ಳಿ ತುಂಬಿ ಬೇಯಿಸಿದ ಬುರೆಕ್ಕಿನ ದೊಡ್ಡ ತುಂಡನ್ನು ಅವಳ ಕಡೆಗೆ ಚಾಚಿದ. ಅವಳು ಬೇಡವೆಂದು ತಲೆಯಾಡಿಸಿದಳು. ಮೂವತ್ತೊಂದು ವರ್ಷ ಸರ್ಬಿಯಾದ ಕುಚೆವೊ ಊರಿನ ಶಾಲೆಯಲ್ಲಿ ಗಣಿತ ಕಲಿಸಿದವಳು ಇಂಥವರ ಜೊತೆ ಎಣ್ಣೆ ಕೈ ಮಾಡಿಕೊಂಡು ಕೂರಬೇಕಾಗಿ ಬಂದದ್ದು ಹೇಗೆ ಎಂದು ಅವಳು ಪ್ರತಿ ಸಲವೂ ಇದೇ ಹೆದ್ದಾರಿಯಲ್ಲಿ ಯೋಚಿಸುತ್ತಿದ್ದಳು. ಉತ್ತರ ಗೊತ್ತಿದ್ದರಿಂದ ಯೋಚನೆ ಬಹಳ ದೂರ ಹೋಗುತ್ತಿರಲಿಲ್ಲ. ಕಾಗದದ ಮೇಲೆ ಅವಳು ಪ್ರವಾಸಿ. ಬಸ್ಸಿನಲ್ಲಿದ್ದ ನಲವತ್ತು ಜನರೂ ಪ್ರವಾಸಿಗಳೇ. ವರ್ಷಕ್ಕೆ ಎರಡು ಸಲ, ಪ್ರತಿ ಸಲ ಮೂರು ತಿಂಗಳು, ಯುರೋಪ್ ನೋಡಲು ಹೋಗುವ ಸಿರಿವಂತರು. ಅವಳು ನೋಡಿದ ಯುರೋಪೆಂದರೆ ವಿಯೆನ್ನಾದಲ್ಲಿ ಅವಳು ಆರೈಕೆ ಮಾಡುತ್ತಿದ್ದ ಎರ್ನಾ ಮುದುಕಿಯ ಮೂರನೇ ಮಹಡಿಯ ಮನೆ, ಔಷಧಿ ಡಬ್ಬಿಯ ಏಳು ಖಾನೆಗಳು, ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಅರಮನೆಯ ಕ್ಯಾಲೆಂಡರು. ಮೂರು ತಿಂಗಳು ಅವಳು, ಮೂರು ತಿಂಗಳು ಒಬ್ಬಳು ಬೋಸ್ನಿಯಾದವಳು. ಮುದುಕಿಗೆ ಇಬ್ಬರ ನಡುವಿನ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ, ಇಬ್ಬರನ್ನೂ ಒಂದೇ ಹೆಸರಿನಿಂದ ಕೂಗುತ್ತಿದ್ದಳು, ಆ ಹೆಸರು ಇಬ್ಬರದೂ ಅಲ್ಲ. ಯಾವಾಗಲೂ ವಿದೊಸಾವಾ ಎಂಬತ್ತೆಂಟನೇ ದಿನಕ್ಕೆ ಹೊರಡುತ್ತಿದ್ದಳು. ಈ ಸಲ ಮುದುಕಿಯ ಮಗಳು ಗೆರ್ಲಿಂಡೆ ಪೆಂಟೆಕೋಸ್ಟ್ ಹಬ್ಬದ ರಜೆಗೆ ಸರೋವರದ ಕಡೆ ಹೋಗಬೇಕೆಂದಳು. ಮಂಗಳವಾರದವರೆಗೆ ಇರಲಾಗುತ್ತದೆಯೇ ಎಂದು ಕೇಳುವಾಗ ಅವಳ ದನಿ ಕೇಳುವವರದಾಗಿರಲಿಲ್ಲ. ಅವಳು ಬಂದದ್ದೂ ರದೋಯ್ಕೊ ಬಂದ ಬಸ್ಸಿನಲ್ಲೇ, ಮಾರ್ಚ್ ಹದಿಮೂರಕ್ಕೆ; ವಿದೊಸಾವಾ ಮನಸ್ಸಿನಲ್ಲೇ ಕಳೆದು ನೋಡಿದಳು. ತೊಂಬತ್ತು. ಆಗಬಹುದು ಎಂದಳು. ಲೆಕ್ಕ ಬರುವವರಿಗೆ ಅಂಚಿನವರೆಗೂ ಹೋಗುವ ಧೈರ್ಯವಿರುತ್ತದೆ.

ಹಿಂದಿನ ಸೀಟಿನಿಂದ ಸ್ಲಾವ್ಕಾ ಎಂಬ ಅಗಲ ಮುಖದ ಹೆಂಗಸು ತಲೆ ತೂರಿಸಿದಳು. ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಿಸುವವಳು. ಒಂದೇ ಮಾತನ್ನು ಮೂರು ಸಲ ಕೇಳದೆ ಅವಳ ತಲೆಗೆ ಏನೂ ಇಳಿಯುವುದಿಲ್ಲ ಎಂಬುದು ವಿದೊಸಾವಾಳ ಅಭಿಪ್ರಾಯ.

"ನಂದು ಇನ್ನೂ ಎಷ್ಟು ಉಳೀತು ಅಂದ್ರಿ ಟೀಚರಮ್ಮ? ಜುಲೈನಲ್ಲಿ ವಾಪಸ್ ಬಾ ಅಂದವ್ರೆ."

"ಏಪ್ರಿಲ್ ಹತ್ತರಿಂದ ಅರವತ್ತೆರಡು ಆಯಿತು. ಇಪ್ಪತ್ತೆಂಟು ಉಳಿಯಿತು."

"ಇಪ್ಪತ್ತೆಂಟು. ಆಮೇಲೆ ಒಂದು ಚೀಟೀಲಿ ಬರ್ದು ಕೊಡಿ, ಮರ್ತೋಗ್ತೀನಿ. ಆ ಯಾಗೊಡಾ ಥರ ಆಗೋದು ಬೇಡಪ್ಪ ನಂಗೆ."

ಯಾಗೊಡಾಳ ಹೆಸರು ಬಂದ ಕೂಡಲೇ ರದೋಯ್ಕೊ ಬುರೆಕ್ ಅಗಿಯುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡಿದ. ಯಾಗೊಡಾ ಅವನ ತಮ್ಮನ ಹೆಂಡತಿ. ಹೋದ ಡಿಸೆಂಬರಿನಲ್ಲಿ ಇದೇ ಬಸ್ಸಿನಲ್ಲಿ ಬಂದಿದ್ದಳು, ಕೆಂಪು ಟೋಪಿ ಹಾಕಿಕೊಂಡು, ಮಗಳಿಗೆಂದು ಕೊಂಡ, ಹಿಮದ ಮೇಲೆ ಎಳೆಯುವ ಪುಟ್ಟ ಜಾರುಬಂಡಿಯನ್ನು ಕಾಲಸಂದಿಯಲ್ಲಿಟ್ಟುಕೊಂಡು. ಗಡಿಯಲ್ಲಿ ಅವಳದು ತೊಂಬತ್ತೊಂದು ದಿನ ಎಂದರು. ದಂಡ ಕಟ್ಟಿಸಿಕೊಂಡು, ಒಂದು ವರ್ಷ ಬರಬೇಡ ಎಂದು ಕಾಗದ ಕೊಟ್ಟು ಕಳಿಸಿದರು. ಅವಳಿಗೂ ದಿನ ಹೇಳಿಕೊಟ್ಟವಳು ವಿದೊಸಾವಾಳೇ: ಮಂಗಳವಾರ ಹೊರಡು, ಸರಿಯಾಗಿ ತೊಂಬತ್ತಾಗುತ್ತದೆ. ಯಾಗೊಡಾ ಅಳುತ್ತಾ ಬಸ್ಸು ಹತ್ತಿದಾಗ ಎಲ್ಲರೂ ಟೀಚರಮ್ಮನ ಮುಖ ನೋಡಿದ್ದರು. ಟೀಚರಮ್ಮ ಹೇಳಿದ್ದಳು, ನನ್ನ ಲೆಕ್ಕ ತಪ್ಪಿಲ್ಲ, ಇವಳು ಇನ್ಯಾವುದೋ ಒಂದು ದಿನವನ್ನು ನನ್ನಿಂದ ಮುಚ್ಚಿಟ್ಟಿದ್ದಾಳೆ. ಅಷ್ಟೇ ಹೇಳಿದ್ದು. ಉಳಿದದ್ದನ್ನು ಬಸ್ಸೇ ಹೇಳಿಕೊಂಡಿತು. ಒಂದು ದಿನ ಎಲ್ಲಿ ಹೋಗಿದ್ದಳು, ಯಾರ ಜೊತೆ ಹೋಗಿದ್ದಳು. ಬಸ್ಸಿನ ಮಾತು ಬಸ್ಸಿಗಿಂತ ಮೊದಲು ಊರು ಸೇರುತ್ತದೆ.

"ಅವಳು ಹೇಗಿದ್ದಾಳೆ?" ಎಂದು ವಿದೊಸಾವಾ ಕೇಳಿದಳು. ಕೇಳಬೇಕೆಂದು ಕೇಳಿದ್ದಲ್ಲ, ಸುಮ್ಮನಿದ್ದರೆ ಅದಕ್ಕೊಂದು ಅರ್ಥ ಬರುತ್ತದೆಂದು ಕೇಳಿದ್ದು.

"ಕೋಳಿ ಕಾರ್ಖಾನೆಗೆ ಹೋಗ್ತಾಳೆ. ನಮ್ಮ ತಮ್ಮ ಅವಳನ್ನ ಮಾತಾಡ್ಸಲ್ಲ. ಒಂದೇ ಮನೇಲವ್ರೆ, ಊಟಕ್ಕಿಡ್ತಾಳೆ, ಅವನು ಉಣ್ತಾನೆ, ಮಾತಿಲ್ಲ. ಆ ದಿನ ಎಲ್ಲಿದ್ದೆ ಹೇಳು, ಅಷ್ಟು ಹೇಳ್ಬಿಡು ಸಾಕು ಅಂತಾನೆ. ಅವಳು ಆ ದಿನ ಅನ್ನೋದೇ ಇಲ್ಲ ಅಂತಾಳೆ." ರದೋಯ್ಕೊ ಕಾಗದ ಮಡಚಿದ. "ನಾನೂ ಅವನಿಗೆ ಹೇಳಿದೀನಿ, ಟೀಚರಮ್ಮನ ಲೆಕ್ಕ ತಪ್ಪಕ್ಕಿಲ್ಲ ಕಣೋ, ಹೆಂಗಸು ಏನೋ ಮುಚ್ಚಿಡ್ತಾವ್ಳೆ ಅಂತ."

ಇಂಥ ಗಂಡಸರು, ಎಂದುಕೊಂಡಳು ವಿದೊಸಾವಾ. ಒಂದು ದಿನಕ್ಕಾಗಿ ಆರು ತಿಂಗಳು ಮಾತು ಬಿಡುವವರು. ಇಂಥ ಹೆಂಗಸರು, ಸುಳ್ಳು ಹೇಳುವಾಗಲೂ ಒಂದು ನೆಟ್ಟಗಿನ ಸುಳ್ಳು ಕಟ್ಟಲಾರದವರು. ಅವಳ ತಾತ್ಸಾರಕ್ಕೆ ಬಸ್ಸಿನಲ್ಲಿ ಆಹಾರ ಸಾಕಷ್ಟಿತ್ತು: ಡ್ರೈವರ್ ಚೆಡೊ ಹಾಕಿದ್ದ ಹಾಡು, ಮುಂದಿನ ಸೀಟಿನವನ ಬಿಚ್ಚಿದ ಬೂಟು, ಬುಡಾಪೆಸ್ಟ್ ದಾಟಿದ ಮೇಲೆ ಎಲ್ಲರೂ ಒಟ್ಟಿಗೆ ಗೊರಕೆ ಹೊಡೆದ ರೀತಿ. ಗೆರ್ಲಿಂಡೆಯ ಮೇಲೂ ತಾತ್ಸಾರವಿತ್ತು, ಆದರೆ ಅದು ಬೇರೆ ಜಾತಿಯದು, ಮೇಲಕ್ಕೆ ಎಸೆಯುವುದು. ಕೈ ಬೇಗ ಸೋಲುತ್ತದೆ. ಹೊರಡುವ ಮುಂಜಾನೆ ಗೆರ್ಲಿಂಡೆ ಬಾಗಿಲಲ್ಲಿ ನಿಂತು, ವಿದೊಸಾವಾಳ ಚೀಲವನ್ನು ನೋಡಿಯೂ ನೋಡದ ಹಾಗೆ, ಬೆಳ್ಳಿ ಚಮಚಗಳಲ್ಲಿ ಒಂದು ಕಾಣುತ್ತಿಲ್ಲ ಎಂದಿದ್ದಳು. ಚಮಚ ಮುದುಕಿಯ ದಿಂಬಿನಡಿ ಸಿಕ್ಕಿತು. ಸಿಕ್ಕಿತು ಎಂದು ಗೆರ್ಲಿಂಡೆ ಸಂತೋಷದಿಂದ ಹೇಳಿದಳು, ಇಬ್ಬರೂ ಸೇರಿ ಹುಡುಕಿದ್ದರೆಂಬ ಹಾಗೆ. ವಿದೊಸಾವಾ ಕೂಡ ನಕ್ಕಿದ್ದಳು. ಆ ನಗು ಈಗ ಐದು ಗಂಟೆಗಳ ನಂತರವೂ ಅವಳ ದವಡೆಯಲ್ಲಿ ನೋಯುತ್ತಿತ್ತು.

ಮಧ್ಯಾಹ್ನ ಒಂದರ ಹೊತ್ತಿಗೆ ಬಸ್ಸು ಗಡಿಯ ಸಾಲಿನಲ್ಲಿ ನಿಂತಿತು. ಮುಂದೆ ಆರು ಬಸ್ಸುಗಳಿದ್ದವು. ಚೆಡೊ ಎಂಜಿನ್ ಆರಿಸಿ, "ಪ್ರವಾಸಿ ಮಹಾಶಯರೇ, ಮುಕ್ಕಾಲು ಗಂಟೆ. ಉಚ್ಚೆ ಹೊಯ್ಯೋರು ಹುಯ್ಕೊಳಿ, ಪೊದೆ ಹಿಂದೆ ಮಾತ್ರ ಹೋಗ್ಬೇಡಿ, ಕ್ಯಾಮರಾ ಐತೆ," ಎಂದ. ಬಲಗಡೆಯ ಬಯಲಿನಲ್ಲಿ ಬೇಲಿ ಕಾಣುತ್ತಿತ್ತು. ನಾಲ್ಕು ವರ್ಷದ ಹಿಂದೆ, ಕಾಗದವಿಲ್ಲದೆ ನಡೆದು ಬರುವ ವಲಸಿಗರನ್ನು ತಡೆಯಲು ಕಟ್ಟಿದ್ದು. ಉಕ್ಕಿನ ಕಂಬಗಳು, ನಡುವೆ ಬಲೆ, ಮೇಲೆ ಮುಳ್ಳುತಂತಿಯ ಸುರುಳಿ. ವಿದೊಸಾವಾಳ ಕಣ್ಣುಗಳಿಗೆ ಸಾಲಾಗಿ ನಿಂತದ್ದನ್ನು ಎಣಿಸುವ ಅಭ್ಯಾಸ. ಕಿಟಕಿಯ ಚೌಕಟ್ಟಿನೊಳಗೆ ಕಂಬಗಳು ಹನ್ನೊಂದು. ನಡುವಿನ ಬಲೆಗಳು ಹತ್ತು. ಪ್ರತಿ ಸೆಪ್ಟೆಂಬರಿನಲ್ಲಿ, ಶಾಲೆ ತೆರೆದ ಮೊದಲ ವಾರ, ಅವಳು ಬೋರ್ಡಿನ ಮೇಲೆ ಅದೇ ಲೆಕ್ಕ ಬರೆಯುತ್ತಿದ್ದಳು: ನೂರು ಮೀಟರ್ ಬೇಲಿ, ಹತ್ತು ಮೀಟರಿಗೊಂದು ಕಂಬ, ಒಟ್ಟು ಎಷ್ಟು ಕಂಬ ಬೇಕು? ಅರ್ಧ ತರಗತಿ ಹತ್ತು ಎನ್ನುತ್ತಿತ್ತು. ಹತ್ತು ಎಂದವರೆಲ್ಲ ಎದ್ದು ನಿಲ್ಲಬೇಕು. ಕೊನೆಯ ಕಂಬವನ್ನು ಯಾರಪ್ಪ ನೆಡುತ್ತಾನೆ, ಎಂದು ಕೇಳಿದರೆ ಕೂತವರು ನಗುತ್ತಿದ್ದರು, ನಿಂತವರು ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದರು. ಕಳೆದರೆ ಅಂತರ ಬರುತ್ತದೆ ಮಕ್ಕಳೇ, ಕಂಬ ಬರುವುದಿಲ್ಲ.

ಅವಳು ಮತ್ತೊಮ್ಮೆ ಎಣಿಸಿದಳು. ಹನ್ನೊಂದು ಕಂಬ, ಹತ್ತು ಅಂತರ. ಮೊದಲ ಕಂಬ, ಕೊನೆಯ ಕಂಬ. ಬಂದ ದಿನ, ಹೋದ ದಿನ. ಜೂನ್ ಹನ್ನೊಂದರಲ್ಲಿ ಮಾರ್ಚ್ ಹದಿಮೂರನ್ನು ಕಳೆದರೆ ತೊಂಬತ್ತು, ಅದು ಅಂತರ. ದಿನಗಳು ಅಂತರವಲ್ಲ, ದಿನಗಳು ಕಂಬ. ಅವಳು ಕೋಟಿನ ಕೆಳಗೆ ಕೈ ಬಚ್ಚಿಟ್ಟು, ಎಣಿಕೆ ಕಲಿಯುವ ಮಗುವಿನ ಹಾಗೆ ಬೆರಳು ಮಡಚಿದಳು: ಮಾರ್ಚ್ ಹದಿಮೂರು ಒಂದು, ಹದಿನಾಲ್ಕು ಎರಡು. ಮಾರ್ಚಿನಲ್ಲಿ ಹತ್ತೊಂಬತ್ತು. ಏಪ್ರಿಲ್ ಮೂವತ್ತು, ಮೇ ಮೂವತ್ತೊಂದು, ಜೂನ್ ಹನ್ನೊಂದು. ತೊಂಬತ್ತೊಂದು. ಇಷ್ಟು ವರ್ಷ ಎಂಬತ್ತೆಂಟಕ್ಕೆ ಹೊರಡುತ್ತಿದ್ದದ್ದು ಎಂಬತ್ತೊಂಬತ್ತಾಗಿ ದಾಟಿ ಹೋಗಿತ್ತು. ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಸಿಕ್ಕಂತೆ. ಹೋದ ಡಿಸೆಂಬರಿನ ಕೆಂಪು ಟೋಪಿ ನೆನಪಾಯಿತು. ಆ ದಿನ ಅನ್ನೋದೇ ಇಲ್ಲ. ಯಾಗೊಡಾ ಹೇಳಿದ್ದು ನಿಜ, ಆ ದಿನ ಇರಲೇ ಇಲ್ಲ, ಅದನ್ನು ನುಂಗಿದ್ದು ತಾನು.

ರದೋಯ್ಕೊ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದ. ಗಡಿಯ ಕಿಟಕಿಗೆ ಹೋಗುವ ಮೊದಲು ಅವನು ಯಾವಾಗಲೂ ತಲೆ ಬಾಚಿಕೊಳ್ಳುತ್ತಾನೆ, ಫೋಟೋ ತೆಗೆಸಿಕೊಳ್ಳಲು ಹೋಗುವವನ ಹಾಗೆ. ಹೇಳಬೇಕು ಎನಿಸಿತು. ಹೇಳಿದರೆ ಏನಾಗುತ್ತದೆ? ಬಸ್ಸು ಹಿಂದಕ್ಕೆ ಹೋಗುವುದಿಲ್ಲ, ದಿನ ಹಿಂದಕ್ಕೆ ಹೋಗುವುದಿಲ್ಲ. ಹೇಳಿದರೂ ತೊಂಬತ್ತೊಂದು, ಹೇಳದಿದ್ದರೂ ತೊಂಬತ್ತೊಂದು. ಇದು ತರ್ಕ, ಹೇಡಿತನವಲ್ಲ ಎಂದು ಅವಳು ತನಗೆ ತಾನೇ ಎರಡು ಸಲ ಸಾಧಿಸಿ ತೋರಿಸಿದಳು. ಮೂರನೆಯ ಸಲ ಸಾಧಿಸುವಷ್ಟರಲ್ಲಿ ಚೆಡೊ ಬಾಗಿಲು ತೆಗೆದ.

ಕಿಟಕಿಯ ಮುಂದೆ ಸಾಲು ನಿಂತಿತು. ಅವಳ ಹಿಂದೆಯೇ ರದೋಯ್ಕೊ, ಅವನ ಹಿಂದೆ ಸ್ಲಾವ್ಕಾ. ಗಾಜಿನಾಚೆ ಕೂತಿದ್ದ ಅಧಿಕಾರಿಗೆ ಮೂವತ್ತು ವರ್ಷವಿರಬಹುದು. ಗಡಿಯ ಊರಿನವನಿರಬೇಕು, ಸರ್ಬಿಯನ್ ಭಾಷೆಯನ್ನು ಸಲೀಸಾಗಿ ಆಡುತ್ತಿದ್ದ. ಅವಳ ಪಾಸ್‌ಪೋರ್ಟಿನ ಹಾಳೆಯನ್ನು ಅವನು ಬೆಳಕಿಗೆ ಹಿಡಿದ. ಮಾರ್ಚಿನ ಠಸ್ಸೆಗೆ ಶಾಯಿ ಸಾಲದೆ ತಾರೀಖಿನ ಎರಡನೇ ಅಂಕಿ ಅರ್ಧ ಮೂಡಿತ್ತು. ಅದನ್ನು ಒತ್ತಿದ ದಿನವೇ ಅವಳು ಬೈದುಕೊಂಡಿದ್ದಳು, ಒಂದು ಠಸ್ಸೆ ನೆಟ್ಟಗೆ ಒತ್ತಲು ಬಾರದವರು ಎಂದು.

"ಇದು ಹದಿಮೂರೋ ಹದಿನೆಂಟೋ?" ಎಂದ ಅವನು.

ಗಾಜಿನಲ್ಲಿ ಅವಳಿಗೆ ತನ್ನದೇ ಮುಖ ಕಂಡಿತು, ಅದರೊಳಗೆ ಅವನ ಮುಖ.

"ಹದಿನೆಂಟು."

"ಏನು ಕೆಲಸಕ್ಕೆ ಹೋಗಿದ್ರಿ?"

"ಪ್ರವಾಸ."

"ಏನು ನೋಡಿದ್ರಿ?"

"ಅರಮನೆ."

"ದೊಡ್ಡದಾ?"

"ಸಾವಿರದ ನಾನೂರ ನಲವತ್ತೊಂದು ಕೋಣೆ," ಎಂದಳು. ಕ್ಯಾಲೆಂಡರಿನ ಕೆಳಗೆ ಹಾಗೆಂದು ಬರೆದಿತ್ತು. ಅವನು ಮೊದಲ ಸಲ ಅವಳ ಕಡೆ ನೋಡಿ ನಕ್ಕ. "ಎಲ್ಲಾ ಎಣಿಸಿ ಬಂದ್ರಾ ಅಮ್ಮ?" ಎಂದು ಠಸ್ಸೆ ಒತ್ತಿದ. ಠಪ್ ಎಂಬ ಸದ್ದು. ಚೌಕದೊಳಗೆ ಹೊರಗೆ ಹೋಗುವ ಬಾಣ, ಇವತ್ತಿನ ತಾರೀಖು, ಶಾಯಿ ಗಟ್ಟಿಯಾಗಿ, ಒಂದಂಕಿಯೂ ಮಸುಕಿಲ್ಲದೆ.

ಅವಳು ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿ ನಾಲ್ಕು ಹೆಜ್ಜೆ ಹೋದಳು. ಐದನೆಯದು ಇಡಲಾಗಲಿಲ್ಲ.

"ತೊಂಬತ್ತೊಂದು," ಎಂದ ಅಧಿಕಾರಿ, ಅವಳ ಬೆನ್ನ ಹಿಂದೆ.

"ಇಲ್ಲ ಸಾರ್, ತೊಂಬತ್ತೇ. ಟೀಚರಮ್ಮ ಲೆಕ್ಕ ಹಾಕವ್ರೆ. ಹದಿಮೂರಕ್ಕೆ ಬಂದಿದ್ದು, ಒಂದೇ ಬಸ್ಸಲ್ಲಿ..."

"ಬಂದ ದಿನಾನೂ ದಿನವೇ, ಹೋಗೋ ದಿನಾನೂ ದಿನವೇ. ಎರಡನ್ನೂ ಎಣಿಸ್ಬೇಕು." ಅವನು ಮೇಜಿನ ಕ್ಯಾಲೆಂಡರನ್ನು ಗಾಜಿನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ತೋರಿಸಿದ. ಆಮೇಲೆ ತಲೆಯೆತ್ತಿದ. "ಯಾವ ಟೀಚರು? ಅವರಾ? ಅಮ್ಮ, ಒಂದು ನಿಮಿಷ. ಇವರು ನಿಮ್ಮ ಜೊತೆ ಬಂದವರಾ?"

ಅವಳು ತಿರುಗಿದಳು. ಬಿಸಿಲು ನೇರ ಕಣ್ಣಿಗೆ ಬಿತ್ತು. ರದೋಯ್ಕೊನ ಬಾಚಿದ ತಲೆ ನೀರಿನಿಂದ ಇನ್ನೂ ಒದ್ದೆಯಿತ್ತು.

"ಈ ಬಸ್ಸಿನಲ್ಲಿ ನೋಡಿದ್ದೇನೆ," ಎಂದಳು. "ಅಷ್ಟೇ."

ರದೋಯ್ಕೊ ಅವಳನ್ನು ನೋಡಿದ. ಬಹಳ ಹೊತ್ತೇನಲ್ಲ. ಕ್ಯಾಲೆಂಡರನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಲೆಕ್ಕ ಬಾರದವನ ಮುಖದಲ್ಲಿ ಒಂದು ಲೆಕ್ಕ ನಿಧಾನವಾಗಿ ಆಗುವುದನ್ನು ಅವಳು ಕಂಡಳು. ಮೂವತ್ತೊಂದು ವರ್ಷ ಅದನ್ನೇ ಕಾದವಳು, ಅದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

"ಇವ್ರಲ್ಲ ಸಾರ್," ಎಂದ ಅವನು. "ಊರಲ್ಲೊಬ್ರು ಟೀಚರವ್ರೆ, ಅವ್ರು. ಈಯಮ್ಮ ಯಾರೋ. ತಪ್ಪು ನಂದೇ, ಸ್ಕೂಲು ನಾಕನೇ ಕ್ಲಾಸಿಗೇ ಬಿಟ್ಟೋನು. ಕಟ್ತೀನಿ ದಂಡ."

ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಲು ಒಬ್ಬಳು ಪೊಲೀಸು ಬಂದಳು. ಎರಡು ಗಂಟೆಯಾದರೂ ಆಗುತ್ತದೆ, ಬಸ್ಸು ಕಾಯುವುದು ಬೇಡ ಎಂದಳು. ರದೋಯ್ಕೊ ಬಸ್ಸಿನಿಂದ ತನ್ನ ಸಾಮಾನು ಇಳಿಸಿಕೊಂಡ: ಉಪಕರಣಗಳ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಚೀಲ. ಪೆಟ್ಟಿಗೆಯನ್ನು ತಾನಿಟ್ಟುಕೊಂಡು ಚೀಲವನ್ನು ವಿದೊಸಾವಾಳ ಕೈಗೆ ಹಾಕಿದ. ದನಿ ಏರಿಸಲಿಲ್ಲ.

"ಇದು ಮನೆಗೆ. ನಮ್ಮ ತಮ್ಮನ ಮನೆ ನಿಮಗೆ ಗೊತ್ತಲ್ಲ, ಗಿರಣಿ ಹಿಂದೆ. ಯಾಗೊಡಾ ಕೈಗೇ ಕೊಡಿ. ಅವನೂ ಇರೋವಾಗ ಕೊಡಿ ಟೀಚರಮ್ಮ."

ಅಷ್ಟು ಹೇಳಿ ಹೋದ. ಬೈದಿದ್ದರೆ ಅವಳಿಗೊಂದು ಉತ್ತರವಿರುತ್ತಿತ್ತು. ನಾಲ್ಕನೇ ಕ್ಲಾಸು ಬಿಟ್ಟವನು ತನ್ನನ್ನು ಕ್ಷಮಿಸಿದನೆಂದರೆ ಸಹಿಸುವುದಾದರೂ ಹೇಗೆ ಎಂದು ಅವಳು ಯೋಚಿಸಿದಳು. ಆಮೇಲೆ ಹೊಳೆಯಿತು, ಅವನು ಕ್ಷಮಿಸಿರಲಿಲ್ಲ. ಕೆಲಸ ಹೇಳಿ ಹೋಗಿದ್ದ.

ಬಸ್ಸು ಹೊರಟಿತು. ಪಕ್ಕದ ಸೀಟಿನಲ್ಲಿ ಎಣ್ಣೆ ಕಾಗದ ಬಿದ್ದಿತ್ತು. ಬೇಲಿ ಹಿಂದಕ್ಕೆ ಸರಿದು ಸೂರ್ಯಕಾಂತಿಯ ಹೊಲಗಳು ಬಂದವು. ಬಸ್ಸಿನಲ್ಲಿ ಮಾತು ಶುರುವಾಯಿತು.

"ಇವನೂ ಒಂದಿನ ಮುಚ್ಚಿಟ್ಟವ್ನೆ ನೋಡು," ಎಂದ ಮುಂದಿನ ಸೀಟಿನವನು, ಬೂಟು ಬಿಚ್ಚುತ್ತಾ. "ಆ ಮನೇವ್ರದ್ದು ವಂಶದಲ್ಲೇ ಬಂದಿರ್ಬೇಕು."

"ಗಂಡಸು ಒಂದಿನ ಎಲ್ಲಿ ಮುಚ್ಚಿಡ್ತಾನೋ?" ಎಂದು ಚೆಡೊ ಕನ್ನಡಿಯಲ್ಲಿ ನೋಡುತ್ತಾ ಹೇಳಿದ. "ಜೇಬಲ್ಲಾ?"

ನಗು ಬಂತು. ನಗು ಮುಗಿದ ಮೇಲೆ ಎಲ್ಲರೂ ಟೀಚರಮ್ಮನ ಮಾತಿಗಾಗಿ ಕಾದರು. ಡಿಸೆಂಬರಿನಲ್ಲೂ ಹೀಗೆಯೇ ಕಾದಿದ್ದರು. ಅವಳು ಚೀಲವನ್ನು ಮಡಿಲ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಏನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಉಳಿದದ್ದನ್ನು ಬಸ್ಸೇ ಹೇಳಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಎರ್ನಾ ಮುದುಕಿ ಅವಳದಲ್ಲದ ಹೆಸರಿನಿಂದ ಅವಳನ್ನು ಕೂಗುತ್ತಾಳೆ. ಚೀಲವನ್ನು ಗಿರಣಿಯವನ ಕೈಯಲ್ಲಿ ಕಳಿಸಬಹುದು.

ಭುಜದ ಮೇಲೆ ಕೈ ಬಿತ್ತು. ಸ್ಲಾವ್ಕಾ ಪಾಸ್‌ಪೋರ್ಟನ್ನೂ ಒಂದು ಹಳೆಯ ರಸೀದಿಯನ್ನೂ ಪೆನ್ನನ್ನೂ ಚಾಚಿದ್ದಳು.

"ಚೀಟಿ ಬರ್ದು ಕೊಡಿ ಅಂದಿದ್ನಲ್ಲ ಟೀಚರಮ್ಮ."

ವಿದೊಸಾವಾ ರಸೀದಿಯನ್ನು ಚೀಲದ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದಳು. ಎರಡು ಬರೆದಳು. ಅದರ ಪಕ್ಕ ಎಂಟು ಬರೆಯಬೇಕಿತ್ತು. ಕೈ ನಿಂತಿತು. ಒಂದು ಗಂಟೆಯ ಹಿಂದೆ ಗಾಜಿನ ಮುಂದೆ ಬಾಯಿ ಸುಳ್ಳು ಹೇಳಿತ್ತು, ತಡವರಿಸದೆ. ನಾಲ್ಕು ಹೆಜ್ಜೆ ಹೋಗಿ ಮತ್ತೊಂದು ಸುಳ್ಳು ಹೇಳಿತ್ತು. ಆದರೆ ತಪ್ಪೆಂದು ಗೊತ್ತಿರುವ ಅಂಕಿಯನ್ನು ತನ್ನ ಕೈಬರಹದಲ್ಲಿ ಬರೆಯುವುದು ಅವಳಿಂದಾಗಲಿಲ್ಲ. ಅದರಲ್ಲಿ ಒಳ್ಳೆಯತನವೇನೂ ಇರಲಿಲ್ಲ, ಬರೀ ಜಂಬ. ಅವಳು ಏಳು ಬರೆದಳು. ಚೀಟಿಯನ್ನು ಹಿಂದಕ್ಕೆ ಕೊಟ್ಟಳು.

ಸ್ಲಾವ್ಕಾ ಅದನ್ನು ದೂರ ಹಿಡಿದು ಓದಿದಳು.

"ಇಪ್ಪತ್ತೇಳು. ಬೆಳಿಗ್ಗೆ ಇಪ್ಪತ್ತೆಂಟು ಅಂದಿದ್ರಿ."

ಚೆಡೊ ಹಾಡಿನ ದನಿ ತಗ್ಗಿಸಿದ.

"ಬೆಳಿಗ್ಗೆ ಇಪ್ಪತ್ತೆಂಟು ಅಂದಿದ್ರಿ ಟೀಚರಮ್ಮ," ಎಂದಳು ಸ್ಲಾವ್ಕಾ ಎರಡನೆಯ ಸಲ. ಮೂರನೆಯ ಸಲ ಕೇಳಲಿಲ್ಲ. ಅಗಲವಾದ ಮುಖವನ್ನು ಚೀಟಿಯ ಮೇಲೆ ಬಗ್ಗಿಸಿ, ಪಾಸ್‌ಪೋರ್ಟು ಬಿಚ್ಚಿ, ಮೊದಲ ಬೆರಳು ಮಡಚಿದಳು. "ಗಡೀಲಿ ಅವನೇನಂದ? ಬಂದ ದಿನಾನೂ ದಿನವೇ. ಏಪ್ರಿಲ್ ಹತ್ತು, ಒಂದು. ಹನ್ನೊಂದು, ಎರಡು." ಪಕ್ಕದವಳು ತನ್ನ ಪಾಸ್‌ಪೋರ್ಟು ತೆಗೆದಳು. ಬೂಟು ಬಿಚ್ಚಿದವನು ತನ್ನದನ್ನು ತೆಗೆದ. ಒಂದು, ಎರಡು, ಮೂರು ಎಂದು ಅಲ್ಲಲ್ಲಿ ದನಿಗಳು ಎದ್ದವು, ಒಂದಕ್ಕೊಂದು ತಾಳೆಯಾಗದೆ, ಒಬ್ಬರು ಮಾರ್ಚಿನಲ್ಲಿ, ಒಬ್ಬರು ಮೇ ತಿಂಗಳಲ್ಲಿ. ಇಡೀ ಬಸ್ಸು ಮೊದಲ ತರಗತಿಯ ಮಕ್ಕಳಂತೆ ಬಾಯಿಬಿಟ್ಟು ಬೆರಳೆಣಿಸುತ್ತಿತ್ತು. ಈ ದಾರಿಯಲ್ಲಿ ಮೊದಲ ಸಲ ಯಾರೂ ಅವಳ ಮಡಿಲಿಗೆ ಪಾಸ್‌ಪೋರ್ಟು ಹಾಕಲಿಲ್ಲ. ಅಲ್ಲಿ ರದೋಯ್ಕೊನ ಚೀಲವಿತ್ತು, ಈರುಳ್ಳಿ ವಾಸನೆಯದು. ಊರಿಗೆ ಇನ್ನೂ ನಾಲ್ಕು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಯಾರೋ ಎಣಿಸುವುದನ್ನು ನಿಲ್ಲಿಸಿ ಮೆಲ್ಲನೆ ಯಾಗೊಡಾಳ ಹೆಸರು ಹೇಳಿದರು.